ಗುಂಡಿನ ಸದ್ದಿಗೆ ನಗರಸಭೆ ಕೊಟ್ಟ ಉತ್ತರ

(ಪಕ್ಷದ ವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಊರಿನಲ್ಲಿ ಗುಂಪು ಗುಂಪುಗಳ ನಡುವೆ ಹೊಡೆದಾಟ ನಡೆದು ಹೆಣ ಬಿದ್ದಾಗ ಎರಡು ಮಾತುಗಳು ಕೂಡಲೇ ಕೇಳಿಬರುತ್ತವೆ. ಒಂದು, ‘ಪೋಲೀಸರು ನಾಲ್ಕು ಜನರ ಕೈಕಾಲು ಮುರಿದರೆ ಎಲ್ಲ ತಾನಾಗಿ ಸರಿಹೋಗುತ್ತದೆ’ ಎಂಬುದು. ಇನ್ನೊಂದು ನಮ್ಮವರೇ ಆಡುವ ಮಾತು: ‘ಬಡತನ, ನಿರುದ್ಯೋಗ ತೊಲಗುವವರೆಗೆ ಇದು ತೊಲಗದು, ಸಮಾಜವೇ ಬದಲಾಗಬೇಕು.’ ಮೊದಲನೆಯ ಮದ್ದನ್ನು ಲೋಕದ ಎಲ್ಲ ಸರಕಾರಗಳೂ ಕುಡಿಸಿ ನೋಡಿವೆ, ರೋಗ ಹೋಗಲಿಲ್ಲ. ಎರಡನೆಯ ಮಾತಿನಲ್ಲಿ ಸತ್ಯವಿದೆ. ಆದರೆ ಇಂದು ರಾತ್ರಿ ಗುಂಡಿಗೆ ಬಲಿಯಾಗಲಿರುವ ಹುಡುಗನ ತಾಯಿಗೆ ಆ ಸತ್ಯದಿಂದ ಆಗುವ ಪ್ರಯೋಜನವೇನು? ಸಮಾಜ ಬದಲಾಗುವ ತನಕ ಕಾದಿರು ಎಂದು ಆಕೆಗೆ ಹೇಳಬಲ್ಲೆವೇ?

ಈ ಎರಡರ ನಡುವೆ ಒಂದು ಊರಿನ ಆಡಳಿತ, ಅಂದರೆ ನೀರು, ದೀಪ, ಚರಂಡಿ ನೋಡಿಕೊಳ್ಳುವ ನಗರಸಭೆ, ಏನಾದರೂ ಮಾಡಲು ಸಾಧ್ಯವೇ ಎಂಬುದೇ ಈ ದಿನ ನಾವು ಚರ್ಚಿಸಬೇಕಾದ ವಿಷಯ. ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ರಿಚ್ಮಂಡ್ ಎಂಬ ಊರು. ಜನಸಂಖ್ಯೆ ಒಂದು ಲಕ್ಷಕ್ಕೆ ತುಸು ಮೇಲೆ. ನಮ್ಮ ಒಂದು ಸಾಧಾರಣ ಜಿಲ್ಲಾ ಪಟ್ಟಣಕ್ಕಿಂತ ದೊಡ್ಡದೇನಲ್ಲ. ಅದೂ ಕಾರಖಾನೆಯ ಊರೇ, ಕೂಲಿಕಾರರ ಊರೇ. ಆದುದರಿಂದ ಅದರ ಕಥೆ ನಮಗೆ ಅರ್ಥವಾಗುವ ಕಥೆ.

ಊರು ಹೀಗಾದುದು ಹೇಗೆ?

ರಿಚ್ಮಂಡಿನಲ್ಲಿ ಸ್ಟಾಂಡರ್ಡ್ ಆಯಿಲ್ ಕಂಪನಿಯ ಎಣ್ಣೆ ಶುದ್ಧೀಕರಣ ಕಾರಖಾನೆ 1902ರಲ್ಲಿ ಕೆಲಸ ಪ್ರಾರಂಭಿಸಿತು. ಇಂದು ಅದು ಶೆವ್ರಾನ್ ಕಂಪನಿಯ ಕಾರಖಾನೆ. ಎರಡನೆಯ ಮಹಾಯುದ್ಧ ಬಂದಾಗ ಅಲ್ಲಿ ಕೈಸರ್ ಕಂಪನಿಯ ನಾಲ್ಕು ಹಡಗುಕಟ್ಟೆಗಳು ಎದ್ದವು. ಯುದ್ಧ ಮುಗಿಯುವುದರೊಳಗೆ ಅಲ್ಲಿಂದ 747 ಹಡಗುಗಳು ನೀರಿಗಿಳಿದವು. 1942ರ ನವೆಂಬರಿನಲ್ಲಿ ಒಂದು ಹಡಗನ್ನಂತೂ ಐದು ದಿನ ತುಂಬುವ ಮೊದಲೇ ಕಟ್ಟಿ ನಿಲ್ಲಿಸಿದರು. ಇದನ್ನೆಲ್ಲ ಮಾಡಿದ ಕೈಗಳು ಯಾರವು? ಲೂಸಿಯಾನ, ಟೆಕ್ಸಾಸ್, ಅರ್ಕನ್ಸಾ ಮುಂತಾದ ದಕ್ಷಿಣದ ಸೀಮೆಗಳಿಂದ ಹೊಲ ಮನೆ ಬಿಟ್ಟು ಬಂದ ಕೂಲಿಗಾರರವು. ಅವರಲ್ಲಿ ಕಪ್ಪು ಜನರು ಬಹಳ ಮಂದಿ, ಹೆಂಗಸರೂ ಬಹಳ ಮಂದಿ. 1940ರಲ್ಲಿ ಇಪ್ಪತ್ತನಾಲ್ಕು ಸಾವಿರಕ್ಕೂ ಕಡಮೆ ಜನರಿದ್ದ ಊರಿನಲ್ಲಿ ಮೂರು ವರ್ಷದೊಳಗೆ ತೊಂಬತ್ತು ಸಾವಿರ ದಾಟಿತು.

ಯುದ್ಧ ಮುಗಿಯಿತು, ಹಡಗುಕಟ್ಟೆಗಳ ಬಾಗಿಲು ಬಿತ್ತು. ಕರೆತಂದವರು ಲಾಭ ಕಟ್ಟಿಕೊಂಡು ಹೋದರು, ಬಂದವರು ಉಳಿದರು. ಯುದ್ಧಕಾಲದಲ್ಲಿ ಕಟ್ಟಿದ ಕೂಲಿಕಾರರ ವಸತಿಗಳನ್ನು ಕೆಡವಿದರು. 1955ರಲ್ಲಿ ಫೋರ್ಡ್ ಮೋಟಾರು ಕಾರಖಾನೆಯೂ ಬೇರೆ ಊರಿಗೆ ಹೋಯಿತು. ಬಿಳಿಯರ ಬಡಾವಣೆಗಳಲ್ಲಿ ಕಪ್ಪು ಜನರಿಗೆ ಮನೆ ಸಿಗುತ್ತಿರಲಿಲ್ಲ. ಮೂರು ಕಡೆ ರೈಲುಹಳಿ ಸುತ್ತುವರಿದ ಒಂದು ಕೇರಿಗೆ ‘ಕಬ್ಬಿಣದ ತ್ರಿಕೋಣ’ ಎಂದೇ ಹೆಸರು ಬಿತ್ತು. ಅಂಥ ಕೇರಿಗಳಲ್ಲಿ ಕೆಲಸವಿಲ್ಲದ ತಂದೆ, ಕೆಲಸದ ಆಸೆಯೂ ಇಲ್ಲದ ಮಗ, ಹೀಗೆ ತಲೆಮಾರುಗಳು ಬೆಳೆದವು. 1980ರ ದಶಕದಲ್ಲಿ ಕೊಕೇನಿನ ವ್ಯಾಪಾರ ಬಂದಾಗ ಹುಡುಗರಿಗೆ ಸಿಕ್ಕ ‘ಉದ್ಯೋಗ’ ಅದು. ಅದರ ಹಿಂದೆಯೇ ಪಿಸ್ತೂಲು ಬಂತು. ಒಂದು ಕೇರಿಯ ಹುಡುಗ ಸತ್ತರೆ ಆ ಕೇರಿಯವರು ಇನ್ನೊಂದು ಕೇರಿಯವನನ್ನು ಕೊಲ್ಲುವುದು, ಅದಕ್ಕೆ ಇವರು ಮತ್ತೊಬ್ಬನನ್ನು ಕೊಲ್ಲುವುದು. ಬರಬರುತ್ತ ಮೊದಲನೆಯ ಜಗಳ ಯಾವುದಕ್ಕೆ ಹತ್ತಿತೆಂಬುದೇ ಎಷ್ಟೋ ಜನರಿಗೆ ಮರೆತುಹೋಯಿತು. ಸೇಡು ಮಾತ್ರ ಉಳಿಯಿತು.

2005ರಲ್ಲಿ ಆ ಪುಟ್ಟ ಊರಿನಲ್ಲಿ ನಲವತ್ತು ಕೊಲೆಗಳಾದವು. ತುರ್ತು ಪರಿಸ್ಥಿತಿ ಸಾರಬೇಕೆಂಬ ಸಲಹೆ ನಗರಸಭೆಯ ಮುಂದೆ ಬಂತು. 2006ರಲ್ಲಿ ಕೇರಿಗಳ ನಿವಾಸಿಗಳೇ ಉದ್ಯಾನಗಳಲ್ಲಿ ಡೇರೆ ಹಾಕಿ ಹಗಲೂ ರಾತ್ರಿಯೂ ಕುಳಿತು ‘ಕೊಲ್ಲುವುದನ್ನು ನಿಲ್ಲಿಸಿ’ ಎಂದು ಬೇಡಿಕೊಂಡರು. 2007ರಲ್ಲಿ ಕೊಲೆಗಳ ಸಂಖ್ಯೆ 47ಕ್ಕೆ ಏರಿತು. ಒಂದು ಲಕ್ಷ ಜನರ ಊರಿನಲ್ಲಿ 47 ಕೊಲೆ ಎಂದರೆ ವಾರಕ್ಕೊಂದು ಶವಯಾತ್ರೆ ಎಂದೇ ಅರ್ಥ.

ಕೋವಿ ಕಿತ್ತುಕೊಳ್ಳಬಾರದೇಕೆ?

ಇಲ್ಲಿ ಕೇಳುಗರಿಗೆ ಒಂದು ಸಂಶಯ ಬರುವುದು ಸಹಜ. ನಮ್ಮ ದೇಶದಲ್ಲಿ 1959ರ ಆಯುಧ ಕಾನೂನಿನಂತೆ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದೇ ಅಪರಾಧ. ಅವರೂ ಹಾಗೆಯೇ ಮಾಡಬಾರದೇಕೆ? ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಆಯುಧ ಹೊಂದುವ ಹಕ್ಕನ್ನು ಕಾಯುತ್ತದೆ. ಆ ದೇಶದಲ್ಲಿ ಜನರಿಗಿಂತ ಕೋವಿಗಳೇ ಹೆಚ್ಚು. 2018ರಲ್ಲಿ ಹೊರಬಿದ್ದ ಒಂದು ಅಂದಾಜಿನ ಪ್ರಕಾರ ಖಾಸಗಿ ಜನರ ಕೈಯಲ್ಲೇ ಸುಮಾರು 39 ಕೋಟಿ ಕೋವಿಗಳಿದ್ದವು. ಕೋವಿ ತಯಾರಿಸಿ ಮಾರುವ ಬಂಡವಾಳಗಾರರ ಬಲವೂ ಸಣ್ಣದಲ್ಲ. ಒಂದು ನಗರಸಭೆ ಠರಾವು ಮಾಡಿ ಇದನ್ನು ನಿಲ್ಲಿಸಲಾರದು.

ಆದರೆ ಇನ್ನೊಂದು ಅನುಕೂಲ ಅವರಿಗಿದೆ, ನಮಗಿಲ್ಲ. ನಮ್ಮಲ್ಲಿ ಪೋಲೀಸು ರಾಜ್ಯ ಸರಕಾರದ ಕೈಯಲ್ಲಿದೆ. ನಗರಸಭೆಯ ಅಧ್ಯಕ್ಷರು ಒಬ್ಬ ಪೇದೆಯನ್ನೂ ವರ್ಗ ಮಾಡಲಾರರು. ಅಲ್ಲಿ ಹೆಚ್ಚಿನ ಊರುಗಳಲ್ಲಿ ಪೋಲೀಸು ಆಯಾ ನಗರಸಭೆಯ ಅಧೀನ. ಸಂಬಳ ಕೊಡುವುದು ಊರಿನ ಬೊಕ್ಕಸ. ಆದುದರಿಂದ ಶಾಂತಿ ಕೆಟ್ಟರೆ ಜನ ನೇರವಾಗಿ ನಗರಸಭೆಯ ಕುತ್ತಿಗೆ ಹಿಡಿದು ಕೇಳುತ್ತಾರೆ. ಕೋವಿಯನ್ನು ಹಿಡಿಯಲಾಗದ ನಗರಸಭೆ ಕೋವಿ ಹಿಡಿದ ಕೈಯನ್ನು ಹಿಡಿಯಲು ಹೊರಟಿತು. ಇದರ ಮೂಲ ಇಷ್ಟೇ.

ಬೋಸ್ಟನ್ನಿನವರು ಕಂಡುಕೊಂಡ ಲೆಕ್ಕ

ಈ ದಾರಿಯಲ್ಲಿ ಮೊದಲು ಹೆಜ್ಜೆ ಇಟ್ಟವರಲ್ಲಿ ಪೂರ್ವ ಕರಾವಳಿಯ ಬೋಸ್ಟನ್ ನಗರದವರು ಮುಖ್ಯರು. ಅಲ್ಲಿ 1990ರಲ್ಲಿ 152 ಕೊಲೆಗಳಾಗಿದ್ದವು. 1992ರಲ್ಲಿ ಒಂದು ಇಗರ್ಜಿಯೊಳಗೆ, ಕೊಲೆಯಾದ ತರುಣನ ಶವಸಂಸ್ಕಾರ ನಡೆಯುತ್ತಿರುವಾಗಲೇ ಗುಂಪು ನುಗ್ಗಿ ಮತ್ತೊಬ್ಬನನ್ನು ಇರಿದರು. ಕೇರಿಗಳ ಪಾದ್ರಿಗಳು ಅಂದಿನಿಂದ ಪೀಠ ಬಿಟ್ಟು ರಾತ್ರಿ ಹೊತ್ತು ಬೀದಿಗೆ ಬಂದರು. ಬಳಿಕ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಕೆನೆಡಿ, ಆಂಥೊನಿ ಬ್ರಾಗ ಮುಂತಾದವರು ಪೋಲೀಸರ, ಬೀದಿ ಕಾರ್ಯಕರ್ತರ ಜತೆ ಕುಳಿತು ಒಂದೊಂದು ಕೊಲೆಯನ್ನೂ ಎತ್ತಿಕೊಂಡು ಲೆಕ್ಕ ಹಾಕಿದರು. ಯಾರು ಸತ್ತರು? ಯಾರು ಕೊಂದರು? ಯಾವ ಗುಂಪು? ಯಾವ ಜಗಳ?

ಲೆಕ್ಕ ಮುಗಿದಾಗ ಕಂಡ ಸಂಗತಿ ಎಲ್ಲರನ್ನೂ ಬೆರಗುಗೊಳಿಸಿತು. ಊರಿನಲ್ಲಿದ್ದ ಗುಂಪುಗಳು ಸುಮಾರು 60. ಅವುಗಳ ಸದಸ್ಯರು ಸುಮಾರು 1,300 ಜನ. ಊರಿನ ಯುವಜನರಲ್ಲಿ ಇವರು ನೂರಕ್ಕೆ ಒಬ್ಬರೂ ಅಲ್ಲ. ಆದರೆ ಯುವಜನರ ಕೊಲೆಗಳಲ್ಲಿ ನೂರಕ್ಕೆ ಅರುವತ್ತಾದರೂ ಈ ಗುಂಪುಗಳ ಜಗಳದಿಂದಲೇ ಆದವು! ಅಂದಮೇಲೆ ‘ಕಪ್ಪು ಕೇರಿಯ ಹುಡುಗರೆಲ್ಲ ಕೊಲೆಗಡುಕರು’ ಎಂದು ಕೇರಿಗೆ ಕೇರಿಯನ್ನೇ ಪೋಲೀಸರು ಜಾಲಾಡುತ್ತಿದ್ದುದು ಎಂಥ ಅನ್ಯಾಯ, ಎಂಥ ವ್ಯರ್ಥ ಕೆಲಸ ಎಂಬುದು ಸ್ಪಷ್ಟವಾಯಿತು.

1996ರ ಮೇ ತಿಂಗಳಿನಿಂದ ಗುಂಪಿನವರನ್ನು ಕರೆದು ಕೂರಿಸಿ ಮುಖಾಮುಖಿ ಮಾತಾಡುವ ಕ್ರಮ ಪ್ರಾರಂಭವಾಯಿತು. ಪಾದ್ರಿಗಳು, ಬೀದಿ ಕಾರ್ಯಕರ್ತರು, ಪೋಲೀಸರು, ಸರಕಾರಿ ವಕೀಲರು ಒಂದೇ ಕಡೆ ಕುಳಿತು ಹೇಳಿದ್ದು ಇಷ್ಟು: ‘ನೀವು ಬದುಕಬೇಕೆಂಬುದು ನಮ್ಮ ಆಸೆ. ಕೆಲಸ, ಓದು ಬೇಕಾದರೆ ನೆರವು ಕೊಡುತ್ತೇವೆ. ಆದರೆ ನಿಮ್ಮ ಗುಂಪಿನ ಒಬ್ಬನು ಗುಂಡು ಹಾರಿಸಿದರೆ ಇಡೀ ಗುಂಪಿನ ಮೇಲೆ ಕಾನೂನಿನ ಕಣ್ಣು ಬೀಳುತ್ತದೆ.’ ಅದೇ ವರ್ಷದ ಆಗಸ್ಟಿನಲ್ಲಿ ಮಾತು ಕೇಳದ ಒಂದು ಗುಂಪಿನ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹಿಡಿದು, ಹೇಳಿದ್ದನ್ನು ಮಾಡಿಯೂ ತೋರಿಸಿದರು. ಆಮೇಲೆ ನಡೆದ ಪರಿಶೀಲನೆಯಲ್ಲಿ ಯುವಜನರ ಕೊಲೆಗಳು ತಿಂಗಳ ಸರಾಸರಿಯಲ್ಲಿ ನೂರಕ್ಕೆ 63ರಷ್ಟು ಇಳಿದುದು ಕಂಡುಬಂತು. ಆದರೆ 2000ದ ಹೊತ್ತಿಗೆ ಅಧಿಕಾರಿಗಳು ಬದಲಾದರು, ಕೂಡಿ ಕೂರುವುದು ನಿಂತಿತು. ಕೆಲವೇ ವರ್ಷದಲ್ಲಿ ಕೊಲೆಗಳು ಮತ್ತೆ ಏರಿದವು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರಿಚ್ಮಂಡಿನ ಕಚೇರಿ

ಬೋಸ್ಟನ್ನಿನ ಕ್ರಮದಲ್ಲಿ ಒಂದು ಕೈಯಲ್ಲಿ ನೆರವು, ಇನ್ನೊಂದು ಕೈಯಲ್ಲಿ ಬೇಡಿ. ರಿಚ್ಮಂಡ್ ನಗರಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪೋಲೀಸಿನಿಂದ ಪೂರ್ತಿ ಬೇರೆಯಾದ ಒಂದು ಇಲಾಖೆಯನ್ನೇ ತೆರೆಯಿತು. 2007ರಲ್ಲಿ ಪ್ರಾರಂಭವಾದ ಅದರ ಹೆಸರು ನೆರೆಹೊರೆ ಸುರಕ್ಷತಾ ಕಚೇರಿ. ಆಗ ಅದರ ಮುಖ್ಯಸ್ಥರಾಗಿದ್ದವರು ಡಿವೋನ್ ಬೋಗನ್. ಅವರು ನೇಮಿಸಿಕೊಂಡ ಕ್ಷೇತ್ರ ಕಾರ್ಯಕರ್ತರಲ್ಲಿ ಹೆಚ್ಚಿನವರು ಅದೇ ಕೇರಿಗಳಲ್ಲಿ ಹುಟ್ಟಿ, ಕೋವಿಯ ಅಪರಾಧಕ್ಕೆ ಜೈಲು ಕಂಡು, ಈಗ ಬದಲಾದವರು. ಜೈಲಿನಿಂದ ಬಂದವನಿಗೆ ಖಾಸಗಿ ಮಾಲೀಕನೇ ಕೆಲಸ ಕೊಡದ ಊರಿನಲ್ಲಿ ನಗರಸಭೆ ಸಂಬಳದ ಹುದ್ದೆ ಕೊಟ್ಟಿತು. ಇದೇನೂ ಸಣ್ಣ ನಿರ್ಧಾರವಲ್ಲ.

ಈ ಕಚೇರಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಎಲ್ಲಿ ಜಗಳ ಹೊಗೆಯಾಡುತ್ತಿದೆ ಎಂಬ ಸುದ್ದಿಯನ್ನು ಪೋಲೀಸರು ಇವರಿಗೆ ತಿಳಿಸಬಹುದು. ಇವರು ಹುಡುಗರಿಂದ ಕೇಳಿದ ಒಂದು ಮಾತನ್ನೂ ಪೋಲೀಸರಿಗೆ ತಿಳಿಸುವುದಿಲ್ಲ. ಬಾತ್ಮೀದಾರ ಎಂಬ ಸಂಶಯ ಬಂದ ದಿನ ಕಾರ್ಯಕರ್ತನ ಕೆಲಸ ಮುಗಿಯಿತು, ಜೀವವೂ ಮುಗಿಯಬಹುದು. ಕಾರ್ಮಿಕ ಸಂಘ ಕಟ್ಟಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಲೀಕನ ಕಿವಿಗೆ ಸುದ್ದಿ ಮುಟ್ಟಿಸುವವನೆಂದು ಒಮ್ಮೆ ಹೆಸರು ಬಂದವನ ಹತ್ತಿರ ಯಾವ ಕೆಲಸಗಾರನು ಬಾಯಿ ಬಿಟ್ಟಾನು?

ಮೊದಲ ವರ್ಷಗಳಲ್ಲಿ ಫಲ ಹೆಚ್ಚು ಕಾಣಲಿಲ್ಲ. 2009ರಲ್ಲಿ ಕೊಲೆಗಳು ಮತ್ತೆ ನಲವತ್ತನ್ನು ದಾಟಿದವು. ಆಗ ಪೋಲೀಸರೊಡನೆ ವಿಚಾರ ಮಾಡುವಾಗ ಬೋಸ್ಟನ್ನಿನ ಲೆಕ್ಕವೇ ಇಲ್ಲಿಯೂ ಕಂಡಿತು. ಊರಿನಲ್ಲಿ ಆಗುತ್ತಿದ್ದ ಗುಂಡಿನ ದಾಳಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಕಾರಣರೆಂದು ಶಂಕಿಸಲಾದವರು ಮೂವತ್ತಕ್ಕೂ ಕಡಮೆ ಜನ! ಒಂದು ಲಕ್ಷ ಜನರ ನಿದ್ದೆಗೆಡಿಸಿದವರು ಒಂದು ಬಸ್ಸಿನಲ್ಲಿ ಕೂರುವಷ್ಟು ಮಂದಿ. ಸಾಕ್ಷಿ ಸಾಲದೆ ಪೋಲೀಸರು ಅವರನ್ನು ಹಿಡಿಯಲಾರರು. ಶಾಲೆ ಅವರನ್ನು ಎಂದೋ ಹೊರಗೆ ಹಾಕಿತ್ತು. ಕೆಲಸ ಕೊಡಿಸುವ ಯೋಜನೆಗಳು ‘ಇವರು ಸುಧಾರಿಸದವರು’ ಎಂದು ಬಾಗಿಲು ಹಾಕಿದ್ದವು. ಅಂದರೆ ಅತ್ಯಂತ ಅಪಾಯಕಾರಿಗಳಾದವರ ಜತೆಗೇ ಊರಿನ ಯಾವ ಸಂಸ್ಥೆಗೂ ಮಾತಿರಲಿಲ್ಲ.

2010ರಲ್ಲಿ ನಗರಸಭೆ ಅವರಿಗೆ ಆಹ್ವಾನ ಕಳಿಸಿತು. ಸುಮಾರು ಇಪ್ಪತ್ತು ತರುಣರು ಪುರಭವನಕ್ಕೆ ಬಂದು ಕುಳಿತರು. ಬೀದಿಯಲ್ಲಿ ಎದುರಾದರೆ ಗುಂಡು ಹಾರಿಸಿಕೊಳ್ಳುವವರು ಒಂದೇ ಸೂರಿನ ಕೆಳಗೆ! ‘ಈ ಊರು ಶಾಂತವಾಗಬೇಕಾದರೆ ನಿಮ್ಮಿಂದಲೇ ಆಗಬೇಕು’ ಎಂಬುದು ಅಂದು ಅವರಿಗೆ ಹೇಳಿದ ಮಾತಿನ ಸಾರ. ಹೀಗೆ ‘ಶಾಂತಿಕಾರರ ಯೋಜನೆ’ ಪ್ರಾರಂಭವಾಯಿತು.

ಅದರ ಕೆಲಸದ ಕ್ರಮ ಹೀಗಿದೆ. ಒಂದು ತಂಡದ ಅವಧಿ ಹದಿನೆಂಟು ತಿಂಗಳು. ಪ್ರತಿಯೊಬ್ಬನೂ ಕಾರ್ಯಕರ್ತನೊಡನೆ ಕುಳಿತು ತನ್ನ ಬದುಕಿನ ನಕ್ಷೆಯನ್ನು ಬರೆದುಕೊಳ್ಳಬೇಕು. ವಾಹನ ನಡೆಸುವ ಪರವಾನಗಿ, ಬಿಟ್ಟ ಓದಿನ ಪರೀಕ್ಷೆ, ಕುಡಿತ ಅಮಲು ಬಿಡುವುದು, ಮಗುವಿನ ಖರ್ಚು, ಕೆಲಸ, ಹೀಗೆ ಒಂದೊಂದಾಗಿ. ಕಾರ್ಯಕರ್ತ ದಿನಾ, ಬೇಕಾದರೆ ದಿನಕ್ಕೆ ಹಲವು ಸಲ, ಅವನನ್ನು ಕಾಣುತ್ತಾನೆ. ಗುಂಡೇಟು ತಿಂದ ಸ್ನೇಹಿತನ ಹಾಸಿಗೆಯ ಬಳಿ ಕುಳಿತು ಸೇಡಿನ ಮಾತು ಹೊರಡುವ ಗಳಿಗೆಯಲ್ಲಿ ಅಡ್ಡ ಕೂರುತ್ತಾನೆ. ಆರು ತಿಂಗಳು ಹೀಗೆ ನಡೆದುಕೊಂಡು ಗೊತ್ತುಮಾಡಿದ ಗುರಿಗಳಲ್ಲಿ ಹೆಚ್ಚಿನದನ್ನು ಮುಟ್ಟಿದವನಿಗೆ, ಅವನ ಪ್ರಗತಿಯನ್ನು ನೋಡಿ, ತಿಂಗಳಿಗೆ ಹೆಚ್ಚೆಂದರೆ 1,000 ಡಾಲರಿನಂತೆ ಒಂಬತ್ತು ತಿಂಗಳವರೆಗೆ ವೇತನ. ದೂರದ ಊರುಗಳಿಗೆ ಪ್ರವಾಸವೂ ಉಂಟು. ಷರತ್ತು ಒಂದೇ, ಎದುರು ಕೇರಿಯವನ ಜತೆ ಹೋಗಬೇಕು. ತನ್ನ ಕೇರಿಯ ಆಚೆಯನ್ನೇ ಕಾಣದ ಹುಡುಗರು ಪರವೂರಿನಲ್ಲಿ ಒಂದೇ ಮೇಜಿನಲ್ಲಿ ಊಟ ಮಾಡಿ ಬಂದ ಮೇಲೆ ಕೋವಿ ಎತ್ತುವುದು ಮೊದಲಿನಷ್ಟು ಸುಲಭವಲ್ಲ.

ಮೂರು ಆಕ್ಷೇಪಣೆಗಳು

ಈ ವೇತನದ ಸುದ್ದಿ ಹರಡಿದಾಗ ದೇಶದಲ್ಲೆಲ್ಲ ಗದ್ದಲವಾಯಿತು. ‘ಕೊಲೆ ಮಾಡದಿದ್ದುದಕ್ಕೆ ಸಂಬಳ!’ ಎಂದು ಪತ್ರಿಕೆಗಳು ಹಾಸ್ಯ ಮಾಡಿದವು. ನಮ್ಮ ಕೂಟದಲ್ಲಿರುವವರಿಗೂ ಇದೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆಕ್ಷೇಪಣೆಗಳನ್ನು ಒಂದೊಂದಾಗಿ ನೋಡೋಣ.

ಅಂಗಡಿಕಾರನು ಕೇಳುತ್ತಾನೆ: ನಾನು ಕಟ್ಟಿದ ತೆರಿಗೆ ಪುಂಡರಿಗೆ ಹೋಗಬೇಕೆ? ಮೊದಲನೆಯದಾಗಿ, ರಿಚ್ಮಂಡಿನಲ್ಲಿ ತರುಣರ ಕೈಗೆ ಕೊಟ್ಟ ಹಣ ತೆರಿಗೆಯದಲ್ಲ. ದಾನಿಗಳಿಂದ, ಧರ್ಮಸಂಸ್ಥೆಗಳಿಂದ ಎತ್ತಿದ್ದು. ಬೊಕ್ಕಸದಿಂದ ಹೋದುದು ಕಾರ್ಯಕರ್ತರ ಸಂಬಳ, ಕಚೇರಿಯ ವೆಚ್ಚ. ಎರಡನೆಯದಾಗಿ, ಪುಂಡರಿಗೆ ತೆರಿಗೆಯ ಹಣ ಈಗಲೂ ಹೋಗುತ್ತಲೇ ಇದೆ. ಗುಂಡೇಟಿನ ಶಸ್ತ್ರಚಿಕಿತ್ಸೆ, ಪೋಲೀಸು ತನಿಖೆ, ವರ್ಷಗಟ್ಟಲೆ ಮೊಕದ್ದಮೆ, ಇಪ್ಪತ್ತು ವರ್ಷದ ಜೈಲಿನ ಅನ್ನ, ಇದೆಲ್ಲ ಯಾರ ಹಣ? ಅದರ ಮೇಲೆ ಕತ್ತಲಾದೊಡನೆ ಗಿರಾಕಿ ಬರದೆ ಬಾಗಿಲು ಹಾಕಿದ ಅಂಗಡಿಯ ನಷ್ಟ ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ.

ಗಿರಣಿ ಕೆಲಸಗಾರನು ಕೇಳುತ್ತಾನೆ: ನನ್ನ ಮಗ ಕಳವಿಗೂ ಹೋಗಲಿಲ್ಲ, ಕೊಲೆಗೂ ಹೋಗಲಿಲ್ಲ, ಅವನಿಗೆ ಯಾರು ವೇತನ ಕೊಟ್ಟರು? ಇದು ಬಲವಾದ ಪ್ರಶ್ನೆ. ಹಾರಿಕೆಯ ಉತ್ತರ ಸಲ್ಲದು. 2010ರಲ್ಲಿ ಕ್ಯಾಲಿಫೋರ್ನಿಯದ ಕನಿಷ್ಠ ಕೂಲಿ ಗಂಟೆಗೆ 8 ಡಾಲರು. ಪೂರ್ತಿ ತಿಂಗಳು ದುಡಿದವನಿಗೆ 1,400 ಡಾಲರಿನ ಸಮೀಪ. ಯೋಜನೆಯ ಅತಿ ಹೆಚ್ಚಿನ ವೇತನವೂ ಕನಿಷ್ಠ ಕೂಲಿಗಿಂತ ಕೆಳಗೇ ಇತ್ತು, ಅದೂ ಒಂಬತ್ತೇ ತಿಂಗಳು. ಪ್ರಾಮಾಣಿಕವಾಗಿ ದುಡಿಯುವವನಿಗಿಂತ ಕೋವಿಗಾರನು ಸುಖವಾಗಿದ್ದ ಎನ್ನುವಂತಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ. ಕೋವಿ ಹಿಡಿಯದ ಬಡ ಹುಡುಗನಿಗೂ ಓದು, ಕೆಲಸ, ಕೈಹಿಡಿಯುವ ಹಿರಿಯ ಬೇಕು. ಒಬ್ಬನಿಗೆ ಕೊಟ್ಟುದನ್ನು ಕಿತ್ತುಕೊಂಡರೆ ಇನ್ನೊಬ್ಬನಿಗೆ ಅದು ಬರುವುದಿಲ್ಲ. ಇಬ್ಬರಿಗೂ ಕೊಡುವಂತೆ ಒತ್ತಾಯ ಮಾಡುವುದೇ ನಮ್ಮ ದಾರಿ.

ಮೂರನೆಯ ಆಕ್ಷೇಪಣೆ ಮಗನನ್ನು ಕಳೆದುಕೊಂಡ ತಾಯಿಯದು: ‘ನನ್ನ ಮಗನನ್ನು ಕೊಂದವನು ಆ ಮೇಜಿನಲ್ಲಿ ಕುಳಿತಿರಬಹುದಲ್ಲ?’ ಇದಕ್ಕೆ ಯಾವ ಭಾಷಣಕಾರನ ಬಳಿಯೂ ಸಮಾಧಾನವಿಲ್ಲ. ಕುಳಿತಿರಬಹುದು. ಯೋಜನೆಗೆ ಸೇರಿದ ಮಾತ್ರಕ್ಕೆ ಹಿಂದಿನ ಅಪರಾಧದಿಂದ ಬಿಡುಗಡೆ ಯಾರಿಗೂ ಇಲ್ಲ. ಸಾಕ್ಷಿ ಸಿಕ್ಕರೆ ಪೋಲೀಸರು ಹಿಡಿಯಬಹುದು. ಆದರೆ ಸಾಕ್ಷಿ ಸಿಗದ ಕಡೆ ಏನು? ಅಲ್ಲಿ ನಗರಸಭೆ ಇನ್ನೊಬ್ಬ ತಾಯಿಯ ಮಗನನ್ನು ಉಳಿಸುವ ಕೆಲಸವನ್ನು ಆರಿಸಿಕೊಂಡಿತು. ಆ ಆಯ್ಕೆಯ ಭಾರವನ್ನು ಹೊತ್ತವರು ಈ ತಾಯಂದಿರು. ಇದನ್ನು ಮರೆತು ಯೋಜನೆಯನ್ನು ಹೊಗಳುವುದು ನ್ಯಾಯವಲ್ಲ.

ಫಲವೇನಾಯಿತು?

2007ರಲ್ಲಿ 47 ಇದ್ದ ಕೊಲೆಗಳು 2013ರಲ್ಲಿ 16ಕ್ಕೆ, 2014ರಲ್ಲಿ 11ಕ್ಕೆ ಇಳಿದವು. ಮುಂದಿನ ವರ್ಷಗಳಲ್ಲಿ ಏರಿಳಿತವಿದ್ದರೂ 2023ರಲ್ಲಿ 8ಕ್ಕೆ ಬಂದಿತು. ಇದೆಲ್ಲ ಈ ಒಂದು ಕಚೇರಿಯ ಫಲವೇ? ಹಾಗೆ ಹೇಳುವುದು ಸರಿಯಲ್ಲ. 2006ರಲ್ಲಿ ಬಂದ ಕ್ರಿಸ್ ಮ್ಯಾಗ್ನಸ್ ಎಂಬ ಪೋಲೀಸು ಮುಖ್ಯಸ್ಥರು ಪೇದೆಗಳನ್ನು ಒಂದೊಂದು ಕೇರಿಗೆ ಬಹುಕಾಲ ನೇಮಿಸಿ, ಅಲ್ಲಿನ ಜನರ ಪರಿಚಯ ಮಾಡಿಕೊಳ್ಳುವುದನ್ನೇ ಅವರ ಕೆಲಸದ ಅಳತೆಗೋಲಾಗಿ ಮಾಡಿದರು. ರಾಜ್ಯದ ಇತರ ಊರುಗಳಲ್ಲೂ ಕೊಲೆಗಳು ಆ ಕಾಲದಲ್ಲಿ ಇಳಿಯುತ್ತಿದ್ದವು. ಆದುದರಿಂದ ವಿದ್ವಾಂಸರು ರಿಚ್ಮಂಡನ್ನು ಬೇರೆ ಊರುಗಳೊಡನೆ ತೂಗಿ ನೋಡಿ 2019ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯೊಂದರಲ್ಲಿ ತೀರ್ಮಾನ ಪ್ರಕಟಿಸಿದರು. ಯೋಜನೆ ಬಂದ ಮೇಲೆ ಕೋವಿಯಿಂದಾಗುವ ಸಾವು ಮತ್ತು ಆಸ್ಪತ್ರೆಯ ದಾಖಲೆಗಳು ವರ್ಷಕ್ಕೆ ನೂರಕ್ಕೆ 55ರಷ್ಟು, ಕೋವಿಯ ಅಪರಾಧಗಳು ನೂರಕ್ಕೆ 43ರಷ್ಟು ಕಡಮೆಯಾದುದನ್ನು ಅವರು ಕಂಡರು. ಅದೇ ವೇಳೆ ಕೋವಿಯಿಲ್ಲದ ಹೊಡೆದಾಟದಿಂದಾದ ಗಾಯ ಮತ್ತು ಸಾವುಗಳು ನೂರಕ್ಕೆ 16ರಷ್ಟು ಹೆಚ್ಚಾದುದನ್ನೂ ಅವರೇ ದಾಖಲು ಮಾಡಿದರು. ಅಂದರೆ ಸಿಟ್ಟು ಪೂರ್ತಿ ಇಳಿಯಲಿಲ್ಲ. ಕೋವಿ ಮಾತ್ರ ಕೈಯಿಂದ ಇಳಿಯಿತು. ಮುಷ್ಟಿಯ ಏಟು ತಿಂದವನು ಬಹುಮಟ್ಟಿಗೆ ಮನೆಗೆ ನಡೆದು ಹೋಗುತ್ತಾನೆ. ಇದೂ ಒಂದು ಗಳಿಕೆಯೇ, ಆದರೆ ಪೂರ್ಣ ಗೆಲುವು ಎಂದು ಕರೆಯುವಂತಿಲ್ಲ.

ಹಣ ಎಲ್ಲಿಂದ?

ನಗರಸಭೆ ಇಂಥ ಕೆಲಸ ಮಾಡಬೇಕಾದರೆ ಬೊಕ್ಕಸದಲ್ಲಿ ಹಣವಿರಬೇಕು. ರಿಚ್ಮಂಡಿನಲ್ಲಿ ಹಣವಿದ್ದುದು ಶೆವ್ರಾನಿನ ಬಳಿ. ಬಹುಕಾಲ ಆ ಊರಿನ ರಾಜಕೀಯದ ಮೇಲೆ ಕಂಪನಿಯ ನೆರಳು ದಟ್ಟವಾಗಿತ್ತು. ಕಂಪನಿಯಿಂದ ದುಡ್ಡು ಮುಟ್ಟದ ಕೆಲವರು ಕೂಡಿ ಪ್ರಗತಿಪರ ಒಕ್ಕೂಟ ಕಟ್ಟಿದರು. ಅವರಲ್ಲೊಬ್ಬರಾದ ಗೇಲ್ ಮ್ಯಾಕ್ಲಾಫ್ಲಿನ್ 2007ರಿಂದ 2015ರವರೆಗೆ ಮೇಯರ್ ಆಗಿದ್ದರು. ತೆರಿಗೆಯ ವಿಷಯದಲ್ಲಿ ಜಗಳವಾಡಿ 2010ರಲ್ಲಿ ಕಂಪನಿಯಿಂದ ಹದಿನೈದು ವರ್ಷಗಳಲ್ಲಿ 11.4 ಕೋಟಿ ಡಾಲರು ಕೊಡುವ ಒಪ್ಪಂದವನ್ನು ನಗರಸಭೆ ಪಡೆಯಿತು. 2012ರ ಆಗಸ್ಟ್ 6ರಂದು ಕಾರಖಾನೆಯಲ್ಲಿ ಬೆಂಕಿ ಬಿದ್ದು ಹೊಗೆ ಕವಿದಾಗ ಸುಮಾರು 15,000 ಜನ ವೈದ್ಯರ ಬಳಿಗೆ ಓಡಬೇಕಾಯಿತು. 2014ರ ಚುನಾವಣೆಯಲ್ಲಿ ಆ ಪುಟ್ಟ ನಗರಸಭೆಯನ್ನು ಗೆಲ್ಲಲು ಕಂಪನಿ ಸುಮಾರು 30 ಲಕ್ಷ ಡಾಲರು ಸುರಿಯಿತು. ಅದರ ಅಭ್ಯರ್ಥಿಗಳು ಸೋತರು. 2024ರಲ್ಲಿ ಎಣ್ಣೆ ಶುದ್ಧೀಕರಣದ ಮೇಲೆ ತೆರಿಗೆ ಹಾಕುವ ಮಸೂದೆಯನ್ನು ಜನಮತಕ್ಕೆ ಇಡಲು ಹೊರಟಾಗ ಕಂಪನಿ ಹತ್ತು ವರ್ಷಗಳಲ್ಲಿ 55 ಕೋಟಿ ಡಾಲರು ಕೊಡಲು ಒಪ್ಪಿ ಸಂಧಾನಕ್ಕೆ ಬಂತು. ಊರಿನ ಗಾಳಿ, ನೀರು, ದುಡಿಮೆಯಿಂದ ಬೆಳೆದ ಸಂಪತ್ತಿನಲ್ಲಿ ಊರಿಗೆ ಪಾಲು ಕೇಳುವ ಧೈರ್ಯವಿರುವ ನಗರಸಭೆಗೇ ತನ್ನ ಹುಡುಗರಿಗಾಗಿ ಖರ್ಚು ಮಾಡುವ ಶಕ್ತಿಯೂ ಬರುತ್ತದೆ.

ಪಕ್ಕದ ಓಕ್ಲೆಂಡ್ ನಗರ ಬೇರೆ ದಾರಿ ಹಿಡಿಯಿತು. 2012ರಲ್ಲಿ ಅಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಕೊಲೆಗಳಾದಾಗ ಬೋಸ್ಟನ್ನಿನ ಕ್ರಮವನ್ನು ಹೊಸದಾಗಿ ಎತ್ತಿಕೊಂಡರು. 2014ರಲ್ಲಿ ಆಸ್ತಿಯ ಮೇಲೆ, ವಾಹನ ನಿಲ್ಲಿಸುವ ಜಾಗಗಳ ಮೇಲೆ ತೆರಿಗೆ ಹಾಕಲು ಮತದಾರರೇ ಒಪ್ಪಿಗೆ ಕೊಟ್ಟರು. ಅಲ್ಲಿಯೂ ಲೆಕ್ಕ ಹಾಕಿದಾಗ ಕೊಲ್ಲುವವರ, ಸಾಯುವವರ ಸರಾಸರಿ ವಯಸ್ಸು ಮೂವತ್ತರ ಸಮೀಪವಿತ್ತು. ಶಾಲೆಯ ಹುಡುಗರೇ ಇದಕ್ಕೆಲ್ಲ ಕಾರಣ ಎಂಬ ಊರ ಮಾತು ಸುಳ್ಳಾಯಿತು. 2018ರ ಹೊತ್ತಿಗೆ ಕೊಲೆಗಳು ಎಪ್ಪತ್ತರ ಆಸುಪಾಸಿಗೆ ಇಳಿದವು. ಆಮೇಲೆ ಕೋವಿಡ್ ಬಂತು, ಮುಖಾಮುಖಿ ಕೂಟಗಳು ನಿಂತವು, ಅಧಿಕಾರಿಗಳು ಬದಲಾದರು. 2021ರಲ್ಲಿ ಕೊಲೆಗಳು ಮತ್ತೆ ನೂರಿಪ್ಪತ್ತನ್ನು ದಾಟಿದವು. ನಗರಾಡಳಿತ ಮೆಲ್ಲಮೆಲ್ಲನೆ ಆ ಕ್ರಮವನ್ನು ಕೈಬಿಟ್ಟಿತ್ತು ಎಂದು 2024ರ ಜನವರಿಯಲ್ಲಿ ಹೊರಬಂದ ಪರಿಶೀಲನಾ ವರದಿ ನೇರವಾಗಿ ಹೇಳಿತು. ಮತ್ತೆ ಪ್ರಾರಂಭಿಸಿದ ಮೇಲೆ ಅದೇ ವರ್ಷ ಕೊಲೆಗಳು ತೊಂಬತ್ತಕ್ಕೂ ಕೆಳಗೆ ಬಂದವು. ಬೋಸ್ಟನ್ನಿನಲ್ಲಿ 2000ದಲ್ಲಿ ನಡೆದುದೇ ಇಲ್ಲಿಯೂ ನಡೆಯಿತು ನೋಡಿ. ಕುಡಿಯುವ ನೀರಿನ ಕೊಳಾಯಿ ಒಂದು ವರ್ಷ ಶುದ್ಧವಾಗಿ ಬಂತೆಂದು ಶುದ್ಧೀಕರಣವನ್ನು ನಿಲ್ಲಿಸುವ ನಗರಸಭೆ ಎಲ್ಲಾದರೂ ಉಂಟೇ? ಆದರೆ ಶಾಂತಿಯ ವಿಷಯದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

ಕೇಂದ್ರ ಸರಕಾರದ ನಡೆಯನ್ನೂ ಹೇಳಬೇಕು. 2022ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿ ಇಂಥ ಊರು ಮಟ್ಟದ ಕೆಲಸಗಳಿಗೆಂದೇ 25 ಕೋಟಿ ಡಾಲರು ಇಟ್ಟಿತು. 2025ರ ಏಪ್ರಿಲಿನಲ್ಲಿ ಹೊಸ ಸರಕಾರದ ನ್ಯಾಯ ಇಲಾಖೆ ನೂರಾರು ಅನುದಾನಗಳನ್ನು ಅವಧಿಯ ನಡುವೆಯೇ ರದ್ದು ಮಾಡಿತು. ಬೀದಿ ಕಾರ್ಯಕರ್ತರ ಸಂಬಳಕ್ಕಿದ್ದ ಹಣವೂ ಅದರಲ್ಲಿ ಸೇರಿತ್ತು. ಮೇಲಿನಿಂದ ಬರುವ ಅನುದಾನವನ್ನೇ ನಂಬಿ ಕೂತ ಊರಿಗೆ ಬರುವ ಗತಿ ಇದು.

ನಾವು ತಿಳಿಯಬೇಕಾದುದು

ಸಂಗಾತಿಗಳೇ, ರಿಚ್ಮಂಡಿನ ಯೋಜನೆಯನ್ನು ಹಾಗೆಯೇ ತಂದು ನಮ್ಮ ಊರಿನಲ್ಲಿ ನೆಡಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ನೆಲ ಬೇರೆ, ಕಾನೂನು ಬೇರೆ, ಇಲ್ಲಿನ ಪುಂಡಾಟದ ಬೇರುಗಳೂ ಬೇರೆ. ಆದರೆ ಮೂರು ಮಾತು ಎಲ್ಲಿಗೂ ಸಲ್ಲುತ್ತವೆ.

ಒಂದು: ಹಿಂಸೆ ಮಾಡುವವರು ಯಾವಾಗಲೂ ಬೆರಳೆಣಿಕೆಯ ಜನ. ಒಂದು ಕೇರಿಯನ್ನೋ, ಒಂದು ಜಾತಿಯನ್ನೋ, ಒಂದು ಮತವನ್ನೋ ಹಿಡಿದು ‘ಇವರೆಲ್ಲ ಹೀಗೆಯೇ’ ಎನ್ನುವವನು ನಿಜವಾದ ಅಪರಾಧಿಯನ್ನು ಮರೆಮಾಚುತ್ತಾನೆ, ನಿರಪರಾಧಿಯನ್ನು ಅವನ ಕಡೆಗೆ ತಳ್ಳುತ್ತಾನೆ. ಲೆಕ್ಕ ಕೇಳಿ, ಹೆಸರು ಕೇಳಿ, ಆಮೇಲೆ ಮಾತಾಡಿ.

ಎರಡು: ಆ ಬೆರಳೆಣಿಕೆಯ ಜನರನ್ನು ಬದಲಾಯಿಸಬಲ್ಲವನು ಅವರ ನಡುವಿನಿಂದಲೇ ಬಂದವನು. ಅವನಿಗೆ ಸಂಬಳ, ಹುದ್ದೆ, ಮರ್ಯಾದೆ ಕೊಡಬೇಕು. ‘ಸೇವೆ’ ಎಂದು ಹೇಳಿ ಬಿಟ್ಟಿ ದುಡಿಸಿಕೊಂಡರೆ ಅವನೂ ಉಳಿಯುವುದಿಲ್ಲ, ಕೆಲಸವೂ ಉಳಿಯುವುದಿಲ್ಲ.

ಮೂರು: ಇದು ವರ್ಷ ವರ್ಷವೂ ಆಯವ್ಯಯದಲ್ಲಿ ಬರಬೇಕಾದ ಕೆಲಸ. ಕೊಲೆಯಾದ ವಾರ ಎಲ್ಲರೂ ಮಾತಾಡುತ್ತಾರೆ. ಕೊಲೆಯಾಗದ ವರ್ಷ ಯಾರೂ ಹಣ ಕೊಡುವುದಿಲ್ಲ. ಆ ಕೊಲೆಯಾಗದ ವರ್ಷದಲ್ಲಿ ನಗರಸಭೆಯ ಸಭೆಗೆ ಹೋಗಿ ಆಯವ್ಯಯದ ಪ್ರತಿಯನ್ನು ಕೈಯಲ್ಲಿ ಹಿಡಿದು, ಹದಿನೆಂಟರಿಂದ ಮೂವತ್ತರ ನಡುವಿನ ಕೆಲಸವಿಲ್ಲದ ತರುಣರಿಗೆ ಇದರಲ್ಲಿ ಎಷ್ಟು ಇಟ್ಟಿದ್ದೀರಿ ಎಂದು ಕೇಳುವವರು ಬೇಕು.

ನಮ್ಮ ಊರಿನ ಮುಂದಿನ ಆಯವ್ಯಯ ಸಭೆಗೆ ಕಾರ್ಮಿಕ ಸಂಘದಿಂದ ಇಬ್ಬರು, ವರ್ತಕರ ಕಡೆಯಿಂದ ಇಬ್ಬರು ಹೋಗಿ ಈ ಒಂದು ಪ್ರಶ್ನೆಯನ್ನಾದರೂ ಕೇಳಲಿ. ಬಂದ ಉತ್ತರವನ್ನು ಮುಂದಿನ ಕೂಟದಲ್ಲಿ ಎಲ್ಲರ ಮುಂದೆ ಇಟ್ಟು, ಆಮೇಲೆ ಮಾಡಬೇಕಾದುದನ್ನು ಗೊತ್ತುಮಾಡೋಣ.